ಬಾಯಾಡಿಸಿದ್ರೆ ಸಾಕು

ವಾಣಿಗೆ ಅಪಶ್ರುತಿ ಆಗುವುದಿಲ್ಲ. ಕೆಲವರಿಗೆ ಬದನೆಕಾಯಿ ತಿಂದರೆ ಮೈಯೆಲ್ಲ ಗಂಧೆ ಏಳುತ್ತದೆ, ಕೆಲವರಿಗೆ ಬೆಕ್ಕು ಹತ್ತಿರ ಸುಳಿದರೆ ಸೀನು ಬರುತ್ತದೆ. ಇವಳಿಗೆ ಪಕ್ಕದಲ್ಲಿ ಯಾರಾದರೂ ಶ್ರುತಿ ಬಿಟ್ಟು ಹಾಡಿದರೆ ಹುಣಿಸೆಕಾಯಿ ಕಚ್ಚಿದವಳ ಮುಖವಾಗುತ್ತದೆ. ಮದುವೆ ಮನೆಗಳಲ್ಲಿ ಆರತಿ ಹಾಡಬೇಕಾದ ಹೆಂಗಸರು ಇವಳು ಬರುವುದನ್ನು ಕಂಡರೆ ಸಾಕು, ‘ನೀವು ಹೇಳಿ, ನೀವು ಹೇಳಿ’ ಎಂದು ಒಬ್ಬರನ್ನೊಬ್ಬರು ಮುಂದಕ್ಕೆ ದೂಡುತ್ತಾರೆ.

ಅವಳ ಗಂಡ ಶ್ರೀಹರಿ ಒಳ್ಳೆಯವನು. ವಿಮಾ ಕಚೇರಿಯಲ್ಲಿ ಕೆಲಸ, ಮಾತು ಕಮ್ಮಿ. ಮದುವೆಯಾದ ಹೊಸದರಲ್ಲಿ ಸ್ನಾನ ಮಾಡುತ್ತ ಜೋರಾಗಿ ಹಾಡಿಕೊಳ್ಳುತ್ತಿದ್ದನಂತೆ. ಒಂದು ದಿನ ವಾಣಿ ಬಚ್ಚಲ ಬಾಗಿಲು ತಟ್ಟಿ, ‘ರೀ, ಎಲ್ಲಿ ಶುರು ಮಾಡಿದ್ರಿ, ಎಲ್ಲಿಗೆ ಹೋಗಿದೀರಿ, ಸ್ವಲ್ಪ ನೋಡ್ಕೊಂಡ್ರಾ?’ ಅಂದಳಂತೆ. ಆಮೇಲಿಂದ ಆ ಮನೆಯ ಬಚ್ಚಲಲ್ಲಿ ನೀರಿನ ಸದ್ದು ಮಾತ್ರ. ಈ ಕತೆಯನ್ನು ಹಬ್ಬದೂಟಕ್ಕೆ ಕೂತಾಗಲೆಲ್ಲ ಹೇಳಿಕೊಂಡು ನಾವು ನಕ್ಕಿದ್ದೇವೆ. ಶ್ರೀಹರಿಯೂ ನಗುತ್ತಿದ್ದ.

ನನ್ನನ್ನು ಎಲ್ಲರೂ ಶೀನಣ್ಣ ಅನ್ನುತ್ತಾರೆ. ವಾಣಿ ಲಂಗ ಹಾಕಿಕೊಂಡು ಓಡಾಡುತ್ತಿದ್ದ ಕಾಲದಿಂದ ನಾನು ಅವಳನ್ನು ಬಲ್ಲೆ. ಚಾಮರಾಜಪೇಟೆಯಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವಳ ತಾಯಿ ಜಾನಕಮ್ಮನವರು ನಡುಮನೆಯಲ್ಲಿ ಚಾಪೆ ಹಾಸಿ ಬೀದಿಯ ಮಕ್ಕಳಿಗೆಲ್ಲ ಹಾಡು ಹೇಳಿಕೊಡುತ್ತಿದ್ದರು. ಅವರು ಯಾರಿಗೂ ಬೈದವರಲ್ಲ, ಯಾರಿಗೂ ಪಾಠ ಬಿಡಿಸಿದವರಲ್ಲ. ಯಾವ ಮಗು ಶ್ರುತಿ ತಪ್ಪಿತೋ ಅದರ ಕಡೆ ನೋಡಿ ತೋರುಬೆರಳನ್ನು ತಮ್ಮ ತುಟಿಯ ಮೇಲೆ ಇಟ್ಟುಕೊಳ್ಳುವರು. ‘ನಿಲ್ಲಿಸು’ ಎಂದು ಅದರ ಅರ್ಥವಲ್ಲ. ‘ದನಿ ಬೇಡ, ಬಾಯಾಡಿಸು’ ಎಂದು ಅರ್ಥ. ನವರಾತ್ರಿಯಲ್ಲಿ ಬೊಂಬೆ ಮುಂದೆ ಎಲ್ಲ ಮಕ್ಕಳೂ ಸಾಲಾಗಿ ಕೂತು ಹಾಡುತ್ತಿದ್ದವು, ಅದರಲ್ಲಿ ಅರ್ಧಕ್ಕೆ ಅರ್ಧ ಬರೀ ಬಾಯಾಡಿಸುತ್ತಿದ್ದವು. ತಾಯಂದಿರು ನಮ್ಮ ಮಗುವೂ ಹಾಡಿತು ಎಂದು ಸಂಭ್ರಮದಿಂದ ಮನೆಗೆ ಹೋಗುವರು. ಯಾರಿಗೂ ನೋವಿಲ್ಲ, ಸಂಗೀತಕ್ಕೂ ಮೋಸವಿಲ್ಲ ಎಂದು ಜಾನಕಮ್ಮನವರ ಲೆಕ್ಕ.

ತಾಯಿಯಿಂದ ವಾಣಿಗೆ ಬಂದದ್ದು ಒಂದು ಜೊತೆ ಓಲೆ, ಒಂದಷ್ಟು ಕೀರ್ತನೆ, ಮತ್ತು ಆ ಬೆರಳು.

ಈಗ ಅವಳು ಮಲ್ಲೇಶ್ವರದ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಸಂಗೀತದ ಮೇಡಂ. ಹುಡುಗಿಯರ ವೃಂದಗಾನದ ತಂಡ ಕಟ್ಟಿದ್ದಾಳೆ. ನಾನು ಆ ಕಾಲೇಜಿಗೆ ಎರಡು ರಸ್ತೆ ಆಚೆ ಇರುವ ಹಳೆಯ ವಾಚನಾಲಯದ ಗೌರವ ಕಾರ್ಯದರ್ಶಿ. ಗೌರವ ಕಾರ್ಯದರ್ಶಿ ಎಂದರೆ ಸಂಬಳವಿಲ್ಲದ ಜವಾನ. ಓದುವವರು ಕಮ್ಮಿಯಾಗಿ ಸಭಾಂಗಣ ಬಾವಲಿಗಳಿಗೆ ಬಿಟ್ಟುಕೊಟ್ಟಂತೆ ಆದಾಗ, ವಾರಕ್ಕೊಂದು ಮಧ್ಯಾಹ್ನ ಊಟದ ಹೊತ್ತಿಗೆ ಉಚಿತ ಸಂಗೀತ ಇಡೋಣ ಎಂದು ಹೊರಟವನು ನಾನೇ. ಬ್ಯಾಂಕಿನವರು, ಮಾರ್ಕೆಟ್ಟಿನ ಅಂಗಡಿಯವರು, ಮನೆಯಲ್ಲಿ ಸೊಸೆಯ ಮುಖ ನೋಡಿ ಬೇಜಾರಾದ ನಿವೃತ್ತರು, ಎಲ್ಲರೂ ಡಬ್ಬಿ ತಂದು ಊಟ ಮಾಡುತ್ತ ಹಾಡು ಕೇಳಬಹುದು. ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಅನ್ನುವ ಊರು ಇದು. ಮೊದಲ ತಿಂಗಳಿಗೇ ಕುರ್ಚಿ ಸಾಲದೆ ಹೋಯಿತು. ನನ್ನದು ಒಂದೇ ನಿಯಮ: ಹಾಡು ನಡೆಯುವಾಗ ಡಬ್ಬಿಯ ಮುಚ್ಚಳ ತೆಗೆಯಬಾರದು, ಹಾಡು ಮುಗಿದ ಮೇಲೆ ತೆಗೆಯಬೇಕು. ಹೀಗಾಗಿ ನಮ್ಮಲ್ಲಿ ಒಂದೊಂದು ಹಾಡು ಮುಗಿದಾಗಲೂ ಚಪ್ಪಾಳೆಯ ಹಿಂದೆಯೇ ಟಕಟಕ ಮುಚ್ಚಳಗಳ ಸದ್ದು, ಅದರ ಹಿಂದೆ ಚಿತ್ರಾನ್ನದ ವಾಸನೆ ಬರುತ್ತದೆ.

ವಾಣಿಯ ತಂಡಕ್ಕೆ ಸೌಂದರ್ಯಾ ಸೇರಿದ್ದು ಈ ವರ್ಷದ ಶುರುವಿನಲ್ಲಿ. ಬಿ.ಕಾಂ. ಹುಡುಗಿ, ಶ್ರೀರಾಂಪುರದವಳು. ಅಪ್ಪ ಅಮ್ಮ ಇಬ್ಬರೂ ಬೆಳಗಿನ ಜಾವವೇ ಎದ್ದು ಕಲಾಸಿಪಾಳ್ಯದ ಮಾರ್ಕೆಟ್ಟಿಗೆ ಸೊಪ್ಪಿನ ವ್ಯಾಪಾರಕ್ಕೆ ಹೋಗುವವರು. ಬೆಳೆಸಿದ್ದು ಅಜ್ಜಿ. ಹುಡುಗಿ ತಾನಾಗಿಯೇ ಬಂದು ‘ನಾನೂ ಹಾಡ್ಬೇಕು ಮಿಸ್’ ಅಂದಳು. ಎಲ್ಲಿ ಹಾಡು ಅಂದದ್ದಕ್ಕೆ ಎರಡು ಸಾಲು ಹಾಡಿದಳು. ದನಿ ದಪ್ಪ, ಬಾವಿಯ ತಳದಿಂದ ಬಂದ ಹಾಗೆ ಕೆಳಗೆ. ವಾಣಿಯ ತಂಡದ ಶ್ರುತಿ ಎತ್ತರದ್ದು, ವಾಣಿಯ ಸ್ವಂತ ಗಂಟಲಿಗೆ ಹೊಂದುವಂಥದ್ದು. ಹುಡುಗಿ ಅಲ್ಲಿಗೆ ಏರಲು ಹೋಗಿ ಜಾರಿದಳು. ಮೂರನೆಯ ಸಾಲಿಗೆ ಮುಂಚೆಯೇ ವಾಣಿಯ ಬೆರಳು ತುಟಿಗೆ ಹೋಯಿತು.

ಹಾಗೆಂದು ಅವಳನ್ನು ಕಳಿಸಿಬಿಡಲಿಲ್ಲ. ಕಾರಣ, ಆ ಹುಡುಗಿಯ ಬಾಯಿ. ಬೇರೆಯವರು ಹಾಡುವಾಗ ಬಾಯಲ್ಲಿ ರವೆ ಉಂಡೆ ಇಟ್ಟುಕೊಂಡ ಹಾಗೆ ಇರುತ್ತಿತ್ತು. ಇವಳ ತುಟಿಯ ಮೇಲೆ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ, ತೊಳೆದಿಟ್ಟ ಹಾಗೆ ಕಾಣುತ್ತಿತ್ತು.

‘ನೋಡಮ್ಮಾ, ನಿನ್ನ ಮುಖದಲ್ಲಿ ಸಾಹಿತ್ಯ ಚೆನ್ನಾಗಿ ಕಾಣುತ್ತೆ. ಮುಂದಿನ ಸಾಲಲ್ಲಿ ಮಧ್ಯದಲ್ಲಿ ನಿಂತ್ಕೊ. ದನಿ ಬೇಡ, ಬಾಯಾಡಿಸಿದ್ರೆ ಸಾಕು’ ಅಂದಳು ವಾಣಿ.

‘ಆಯ್ತು ಮಿಸ್’ ಅಂದಳು ಸೌಂದರ್ಯಾ. ಅವಳ ಬೆನ್ನ ಹಿಂದೆ ವಾಣಿ ಯಶಶ್ರೀಯನ್ನು ನಿಲ್ಲಿಸಿದಳು. ಯಶಶ್ರೀ ತಂಡದ ಬಂಗಾರದ ಗಂಟಲು. ಮುಂದೆ ಬಾಯಿ, ಹಿಂದೆ ದನಿ. ಅಭ್ಯಾಸ ನಡೆದಷ್ಟು ದಿನವೂ ವಾಣಿಗೆ ಈ ಏರ್ಪಾಟು ಬಹಳ ಚೆಂದ ಕಂಡಿತ್ತು. ಅವಳು ಕೇಳದೆ ಹೋದದ್ದು ಒಂದೇ ಪ್ರಶ್ನೆ. ಇಷ್ಟು ಸ್ಪಷ್ಟವಾಗಿ ಬಾಯಾಡಿಸುವುದನ್ನು ಆ ಹುಡುಗಿ ಎಲ್ಲಿ ಕಲಿತಳು ಎಂದು.

ನಮ್ಮ ವಾಚನಾಲಯದಲ್ಲಿ ಅವರ ಕಚೇರಿಯ ದಿನ ಉತ್ತರ ತಾನಾಗಿಯೇ ನಡೆದುಕೊಂಡು ಬಂತು. ಹಸಿರು ಸೀರೆ, ತಲೆಗೆ ಚೆನ್ನಾಗಿ ಎಣ್ಣೆ ಹಚ್ಚಿ ಹಾಕಿದ ಗಂಟು, ಕೈಯಲ್ಲೊಂದು ಬಟ್ಟೆ ಚೀಲ. ಸೌಂದರ್ಯಾ ಅಜ್ಜಿಯ ಮೊಳಕೈ ಹಿಡಿದು ಮೆಟ್ಟಿಲು ಹತ್ತಿಸಿ, ನೇರ ವೇದಿಕೆಯ ಬಳಿಗೆ ಕರೆತಂದಳು. ನಾನು ಮೈಕಿನ ತಂತಿ ಬಿಡಿಸುತ್ತಿದ್ದೆ, ವಾಣಿ ಶ್ರುತಿಪೆಟ್ಟಿಗೆಯ ಕಿವಿ ಹಿಂಡುತ್ತಿದ್ದಳು.

‘ಮಿಸ್, ನಮ್ಮಜ್ಜಿ. ಮುನಿಲಕ್ಷ್ಮಮ್ಮ ಅಂತ. ಅವರಿಗೆ ಕಿವಿ ಕೇಳಲ್ಲ. ಆದ್ರೆ ನೀವು ಮುಖ ನೋಡ್ಕೊಂಡು ನಿಧಾನಕ್ಕೆ ಮಾತಾಡಿದ್ರೆ ಎಲ್ಲಾ ಗೊತ್ತಾಗುತ್ತೆ.’

ವಾಣಿ ಶ್ರುತಿಪೆಟ್ಟಿಗೆ ಬಿಟ್ಟು ತಿರುಗಿದಳು. ‘ಪೂರ್ತಿ ಕೇಳಲ್ವಾ?’ ಅಂದಳು.

‘ಪೂರ್ತಿ ಮಿಸ್. ನಾನು ಹುಟ್ಟೋಕ್ ಮುಂಚೆನೇ ಹೋಗಿದ್ದು. ಬಟ್ಟೆ ಮಿಲ್ಲಲ್ಲಿ ಇದ್ರು, ಆ ಮಿಷಿನ್ ಸದ್ದಿಗೆ. ಅಲ್ಲಿ ಹೆಂಗಸ್ರೆಲ್ಲ ತುಟಿ ನೋಡ್ಕೊಂಡೇ ಮಾತಾಡ್ತಿದ್ರಂತೆ, ಕೂಗಿದ್ರೂ ಕೇಳ್ತಿರಲಿಲ್ವಲ್ಲ. ಮನೇಲಿ ನಾವಿಬ್ರೂ ಹಂಗೇ ಮಾತಾಡೋದು. ನಮ್ಮನೇಲಿ ಸದ್ದೇ ಇರಲ್ಲ.’ ಹುಡುಗಿ ನಕ್ಕಳು. ‘ಕಚೇರಿ ಅಂದ್ಮೇಲೆ ಬಂದೇ ಬರ್ತೀನಿ ಅಂತ ಹಟ ಮಾಡಿದ್ರು. ಮುಂದೇನೇ ಕೂರಿಸ್ಲಾ?’

ಮುನಿಲಕ್ಷ್ಮಮ್ಮ ಎರಡೂ ಕೈ ಜೋಡಿಸಿ, ಕಿವಿ ಕೇಳದವರ ಜೋರು ದನಿಯಲ್ಲಿ, ‘ನಮ್ ಕೂಸಿಗೆ ಹಾಡ್ ಕಲ್ಸಿದೀರ ತಾಯಿ, ನಿಮ್ ಹೊಟ್ಟೆ ತಣ್ಣಗಿರ್ಲಿ’ ಅಂದರು. ಹಿಂದಿನ ಸಾಲಿನ ತನಕ ಎಲ್ಲರೂ ತಿರುಗಿ ನೋಡಿದರು.

ವಾಣಿಯ ಮುಖ ಆಗ ಹೇಗಾಯಿತು ಎಂದು ನನಗೆ ನೆನಪಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇಲ್ಲಿ ಯಾರೂ ಕಳ್ಳ ಅಂದೇ ಇರಲಿಲ್ಲ. ಹರಸುತ್ತಿದ್ದರು. ಆದರೂ ಅವಳು ಸೆರಗನ್ನು ಹೆಗಲ ಮೇಲೆ ಮತ್ತೆ ಮತ್ತೆ ಎಳೆದುಕೊಂಡಳು.

ಮೊದಲ ಹಾಡು ಶುರುವಾಯಿತು. ಅಜ್ಜಿ ಮುಂದಿನ ಕುರ್ಚಿಯ ತುದಿಯಲ್ಲಿ ಕೂತು ಮೊಮ್ಮಗಳ ತುಟಿಯನ್ನೇ ನೋಡುತ್ತಿದ್ದರು. ಸಾಲು ಸಾಲಿಗೂ ಅವರ ತುಟಿಯೂ ಆಡುತ್ತಿತ್ತು. ಒಂದು ಪದವೂ ತಪ್ಪಲಿಲ್ಲ. ಆ ಸಭಾಂಗಣದಲ್ಲಿ ನೂರು ಜೊತೆ ಕಿವಿಗಳಿದ್ದವು, ನಮಗೆ ಯಾರಿಗೂ ಕೇಳದ ಹುಡುಗಿಯ ಹಾಡು ಕಿವಿಯಿಲ್ಲದ ಆ ಹೆಂಗಸೊಬ್ಬರಿಗೆ ಪೂರ್ತಿ ತಲುಪುತ್ತಿತ್ತು. ಉಳಿದ ಹುಡುಗಿಯರ ರವೆ ಉಂಡೆ ಬಾಯಿಗಳಲ್ಲಿ ಅವರಿಗೆ ಏನೂ ಕಂಡಿರಲಿಕ್ಕಿಲ್ಲ. ಅವರ ಮಟ್ಟಿಗೆ ಹಾಡುತ್ತಿದ್ದವಳು ಒಬ್ಬಳೇ.

ವಾಣಿ ಸಭೆಗೆ ಬೆನ್ನು ಹಾಕಿ, ತಂಡದ ಕಡೆ ಮುಖ ಮಾಡಿ ತಾಳ ಹಾಕುತ್ತಿದ್ದಳು. ಎರಡನೆಯ ಹಾಡು ಜಾನಕಮ್ಮನವರೇ ಕಟ್ಟಿದ್ದು, ಮಕ್ಕಳಿಗಾಗಿ ಬರೆದ ಒಂದು ಗಿಣಿಯ ಹಾಡು. ಆ ಹಾಡಿನಲ್ಲಿ ವಾಣಿ ಎಂದೂ ತಾಳ ತಪ್ಪಿದವಳಲ್ಲ. ಅವತ್ತು ಎರಡು ಸಲ ತಪ್ಪಿದಳು. ಹುಡುಗಿಯರು ಅವಳನ್ನು ಬಿಟ್ಟು ಒಬ್ಬರನ್ನೊಬ್ಬರು ನೋಡಿಕೊಂಡು ಹೇಗೋ ದಾಟಿದರು.

ಮೂರನೆಯದೂ ಮುಗಿಯಿತು. ಚಪ್ಪಾಳೆ, ಮುಚ್ಚಳ, ಚಿತ್ರಾನ್ನ. ಇನ್ನೂ ಹತ್ತು ನಿಮಿಷ ಉಳಿದಿತ್ತು. ನಾನು ಮೈಕು ಹಿಡಿದು ವಂದನಾರ್ಪಣೆಗೆ ಬಾಯಿ ತೆಗೆಯುವಷ್ಟರಲ್ಲಿ ಮುನಿಲಕ್ಷ್ಮಮ್ಮ ಎದ್ದು ನಿಂತರು.

‘ಆ ಗಿಣಿ ಹಾಡು ನಮ್ ಕೂಸು ಒಬ್ಳೇ ಒಂದ್ ಸಲ ಹೇಳ್ಲಿ ಸ್ವಾಮಿ. ನಾನ್ ಇನ್ನೊಂದ್ ಕಿತ ಬತ್ತೀನೋ ಇಲ್ವೋ.’

ಸಭೆ ನಕ್ಕಿತು. ಕುಚೋದ್ಯದ ನಗುವಲ್ಲ, ಮನೆಯ ಹಿರಿಯರು ಏನಾದರೂ ಕೇಳಿದರೆ ನಗುತ್ತಾರಲ್ಲ, ಆ ನಗು. ಬ್ಯಾಂಕಿನ ಹುಡುಗರು ‘ಹೌದು, ಆಗ್ಲಿ, ಆಗ್ಲಿ’ ಎಂದು ಚಪ್ಪಾಳೆ ತಟ್ಟಿದರು. ನನಗೆ ಬಾಯಾಡಿಸುವ ಏರ್ಪಾಟಿನ ವಿಷಯ ಗೊತ್ತಿರಲಿಲ್ಲ. ‘ಸಮಯ ಇದೆಯಮ್ಮಾ ವಾಣಿ’ ಎಂದೆ.

ಅವಳಿಗೆ ದಾರಿಗಳಿದ್ದವು. ಸಮಯವಿಲ್ಲ ಅನ್ನಬಹುದಿತ್ತು, ಹುಡುಗಿಗೆ ಗಂಟಲು ಕೆಟ್ಟಿದೆ ಅನ್ನಬಹುದಿತ್ತು. ಎಲ್ಲಕ್ಕಿಂತ ಸುಲಭದ್ದು, ಹುಡುಗಿಯನ್ನು ಅವಳ ದನಿಯಲ್ಲೇ ಹಾಡಲು ಬಿಡುವುದು. ಜಾರಿದರೆ ಜಾರಲಿ, ಪುಕ್ಕಟೆ ಕಚೇರಿ, ಕೈಯಲ್ಲಿ ಚಿತ್ರಾನ್ನ, ಯಾರು ತಪ್ಪು ಹಿಡಿಯುತ್ತಿದ್ದರು? ಆದರೆ ಎರಡನೆಯ ಸಾಲಿನಲ್ಲಿ ಹಳೆಯ ರಸಿಕರು ಕೂತಿದ್ದರು. ಶಿವಲಿಂಗಯ್ಯನವರಂಥ, ಕಣ್ಣು ಮುಚ್ಚಿ ತಲೆದೂಗುವ, ಅಪಸ್ವರ ಬಂದರೆ ಒಂದು ಕಣ್ಣು ಮಾತ್ರ ತೆರೆಯುವ ಜನ. ಆ ಒಂದು ಕಣ್ಣಿಗೆ ವಾಣಿ ಹೆದರಿದಳು. ಇದು ನನ್ನ ಊಹೆಯಲ್ಲ, ಅವಳೇ ಆಮೇಲೆ ಹೇಳಿದ್ದು.

ಮೈಕಿನ ಪಕ್ಕದಲ್ಲಿ ನಿಂತಿದ್ದವನು ನಾನು, ಹಾಗಾಗಿ ಕಂಡಿತು. ಸಭೆಗೆ ಅವಳ ಬೆನ್ನು ಮಾತ್ರ. ಅವಳು ಬೆರಳೆತ್ತಿ ಯಶಶ್ರೀಯ ಕಡೆ ತೋರಿಸಿದಳು. ಆಮೇಲೆ ಸೌಂದರ್ಯಾಳನ್ನು ನೋಡಿ ಅದೇ ಬೆರಳನ್ನು ತನ್ನ ತುಟಿಯ ಮೇಲೆ ಇಟ್ಟುಕೊಂಡಳು.

ಹುಡುಗಿ ಆ ಬೆರಳನ್ನು ನೋಡಿದಳು. ಅವಳು ಉಸಿರು ತೆಗೆದುಕೊಂಡು ಹಾಡಲು ಸಿದ್ಧವಾಗಿದ್ದಳು, ಅದನ್ನು ನಾನು ಕಣ್ಣಾರೆ ಕಂಡೆ. ಆ ಉಸಿರನ್ನು ಮೆಲ್ಲಗೆ ಹೊರಗೆ ಬಿಟ್ಟಳು. ಆಮೇಲೆ ಯಾವಾಗಲೂ ನಗುವ ಹಾಗೆ ನಕ್ಕು, ಬಾಯಿ ತೆರೆದಳು. ಹಿಂದಿನಿಂದ ಯಶಶ್ರೀಯ ದನಿ ಬಂತು.

ಒಂದೇ ಮೈಕು, ಒತ್ತಿ ನಿಂತ ಹುಡುಗಿಯರು. ಐದನೆಯ ಸಾಲಿನಿಂದ ನೋಡುವವರಿಗೆ ಏನು ಗೊತ್ತಾಗಬೇಕು? ಗಿಣಿ ಬಂತು, ಕಿಟಕಿಯ ಮೇಲೆ ಕೂತಿತು, ಕಾಳು ತಿಂದು ಹಾರಿತು. ಅಜ್ಜಿಯ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಒರೆಸಿಕೊಂಡರೆ ಒಂದು ಪದ ತಪ್ಪಿಹೋಗುತ್ತಿತ್ತಲ್ಲ.

ಚಪ್ಪಾಳೆ ಜೋರಾಗಿಯೇ ಬಂತು. ಶಿವಲಿಂಗಯ್ಯನವರು ಎರಡೂ ಕಣ್ಣು ತೆರೆದು ವೇದಿಕೆಗೆ ಬಂದು, ಸೌಂದರ್ಯಾಳ ತಲೆಯ ಮೇಲೆ ಕೈಯಿಟ್ಟು, ‘ಎಂಥಾ ಶಾರೀರನಮ್ಮಾ ನಿಂದು, ಬಿಡಬೇಡ’ ಅಂದರು. ಹಿಂದೆ ನಿಂತಿದ್ದ ಯಶಶ್ರೀ ತಲೆ ತಗ್ಗಿಸಿದಳು. ಸೌಂದರ್ಯಾ ‘ಥ್ಯಾಂಕ್ಸ್ ಸಾರ್’ ಅಂದಳು. ಬೇರೆ ಏನು ತಾನೇ ಅಂದಾಳು?

ಅಷ್ಟರಲ್ಲಿ ಮುನಿಲಕ್ಷ್ಮಮ್ಮ ಬಂದು ವಾಣಿಯ ಎರಡೂ ಕೈ ಹಿಡಿದುಕೊಂಡರು. ಈ ಸಲ ಜೋರಾಗಿ ಅಲ್ಲ, ಗುಟ್ಟು ಕೇಳುವ ಹಾಗೆ ಕೇಳಿದರು.

‘ಒಂದ್ ಮಾತ್ ಕೇಳ್ತೀನಿ, ಬೇಜಾರ್ ಮಾಡ್ಕಬೇಡಿ. ಕೂಸು ಅತ್ತಿದ್ದೂ ನಾನ್ ಕೇಳಿಲ್ಲ, ಮಾತಾಡಿದ್ದೂ ಕೇಳಿಲ್ಲ. ನೀವಾದ್ರೆ ದಿನಾ ಕೇಳ್ತೀರಿ. ಹೆಂಗೈತೆ ತಾಯಿ ಅವಳ್ ದನಿ?’

ವಾಣಿಯ ಪಾಲಿಗೆ ಅದು ಬಾಯಿಗೆ ಬಿದ್ದ ಬಿಸಿ ತುಪ್ಪ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಅವಳು ಆ ದನಿಯನ್ನು ಕೇಳಿದ್ದು ವರ್ಷದ ಶುರುವಿನಲ್ಲಿ ಎರಡೇ ಸಾಲು. ಅದನ್ನೂ ಕೇಳಿದ್ದಲ್ಲ, ಅದು ಎಲ್ಲಿ ಜಾರಿತು ಎಂದು ಹಿಡಿದದ್ದು. ಈಗ ನೆನಪಿಸಿಕೊಳ್ಳಲು ಹೋದರೆ ಯಶಶ್ರೀಯ ದನಿಯೇ ಕಿವಿಗೆ ಅಡ್ಡ ಬರುತ್ತಿತ್ತು. ಅಜ್ಜಿ ಅವಳ ತುಟಿಯನ್ನೇ ನೋಡುತ್ತ ಕಾಯುತ್ತಿದ್ದರು. ಪಕ್ಕದಲ್ಲಿ ಸೌಂದರ್ಯಾಳೂ ನೋಡುತ್ತಿದ್ದಳು.

‘ತುಂಬಾ ಚೆನ್ನಾಗಿದೆ’ ಎಂದು ವಾಣಿ ತುಟಿ ಆಡಿಸಿದಳು. ದನಿ ಹೊರಡಲಿಲ್ಲ. ಅಷ್ಟು ವರ್ಷ ಬೇರೆಯವರಿಗೆ ಹೇಳಿಕೊಟ್ಟಿದ್ದನ್ನು ಅವತ್ತು ತಾನೇ ಮಾಡಿದಳು.

ಎಲ್ಲರೂ ಹೋದ ಮೇಲೆ ನನ್ನ ಕೋಣೆಗೆ ಬಂದು ಕೂತು ಎಲ್ಲವನ್ನೂ ಹೇಳಿದಳು. ಎರಡು ಸಾಲಿನ ಪರೀಕ್ಷೆ, ಬೆರಳು, ಮುಂದೆ ಬಾಯಿ ಹಿಂದೆ ದನಿ.

‘ಹೋಗ್ಲಿ ಬಿಡಮ್ಮಾ. ಅಜ್ಜಿ ಖುಷಿಯಾಗಿ ಹೋದ್ರು, ಹುಡುಗಿಗೂ ಹೆಸರು ಬಂತು. ಯಾರಿಗೇನು ನಷ್ಟ?’ ಅಂದೆ. ನಾನು ಸಮಾಧಾನ ಹೇಳುವುದರಲ್ಲಿ ಯಾವಾಗಲೂ ದಡ್ಡ.

‘ಅಮ್ಮನೂ ಹಾಗೇ ಅಂತಿದ್ರು ಶೀನಣ್ಣ. ಯಾರಿಗೇನು ನಷ್ಟ ಅಂತ’ ಅಂದಳು. ‘ಆ ಮಕ್ಕಳಲ್ಲಿ ಯಾರಾದ್ರೂ ದೊಡ್ಡವರಾದ್ಮೇಲೆ ಹಾಡಿದ್ದು ನೀವು ಕೇಳಿದೀರಾ?’

ನಾನು ಯೋಚಿಸಿದೆ. ನಮ್ಮ ಬೀದಿಯ ಹುಡುಗ ಹುಡುಗಿಯರ ಮುಖಗಳೆಲ್ಲ ಕಣ್ಣ ಮುಂದೆ ಬಂದವು. ಒಬ್ಬರೂ ಹಾಡಿದ್ದು ಕೇಳಿದ ನೆನಪಿಲ್ಲ. ಅವಳಿಗೆ ಕಾಫಿ ತರಿಸಿದೆ.

ಮರುದಿನ ಬೆಳಿಗ್ಗೆ ಅವಳು ಬಚ್ಚಲ ಬಾಗಿಲ ಬಳಿ ನಿಂತು, ‘ರೀ, ಏನಾದ್ರೂ ಹಾಡ್ರಿ’ ಅಂದಳಂತೆ. ಒಳಗೆ ನೀರಿನ ಸದ್ದು ನಿಂತಿತು. ಆಮೇಲೆ ಶ್ರೀಹರಿಯ ದನಿ ಬಂತು. ‘ಯಾಕೆ, ನನ್ನ ಮೇಲೇನಾದ್ರೂ ಕೋಪಾನಾ?’ ಈ ಕತೆಯನ್ನು ನನಗೆ ಹೇಳಿದವನು ಶ್ರೀಹರಿಯೇ, ನಗುತ್ತ ಹೇಳಿದ. ನನಗೆ ಈ ಸಲ ನಗು ಬರಲಿಲ್ಲ.

ಸೌಂದರ್ಯಾ ತಂಡ ಬಿಟ್ಟು ಹೋಗಿದ್ದರೆ ವಾಣಿಗೆ ಎಷ್ಟೋ ಹಗುರವಾಗುತ್ತಿತ್ತು. ಸಿಟ್ಟು ಮಾಡಿಕೊಂಡಿದ್ದರೆ ಇನ್ನೂ ಹಗುರ. ಆ ಹುಡುಗಿ ಮುಂದಿನ ಅಭ್ಯಾಸಕ್ಕೆ ಹೊತ್ತಿಗೆ ಸರಿಯಾಗಿ ಬಂದು, ತನ್ನ ಜಾಗದಲ್ಲಿ ನಿಂತು, ಎಂದಿನಂತೆ ಬಾಯಾಡಿಸಿದಳು. ವಾಣಿ ಎಲ್ಲರನ್ನೂ ಕಳಿಸಿ ಅವಳನ್ನು ಉಳಿಸಿಕೊಂಡಳು. ಶ್ರುತಿಪೆಟ್ಟಿಗೆಯನ್ನು ತಾನು ಎಂದೂ ಇಳಿಸದಷ್ಟು ಕೆಳಗಿಳಿಸಿದಳು.

‘ಇದು ನಿನ್ನ ಶ್ರುತಿ. ಹಾಡು.’

‘ಬೇಡ ಮಿಸ್.’

‘ತಪ್ಪಿದ್ರೂ ಪರವಾಗಿಲ್ಲ ಕಣೇ. ನಾನು ಏನೂ ಅನ್ನಲ್ಲ.’

‘ಅದಕ್ಕಲ್ಲ ಮಿಸ್’ ಎಂದು ಸೌಂದರ್ಯಾ ಬ್ಯಾಗು ಹೆಗಲಿಗೆ ಹಾಕಿಕೊಂಡಳು. ‘ಅವತ್ತು ಬಿಟ್ಟಿದ್ರೆ ಹಾಡ್ತಿದ್ದೆ. ಈಗ ಅಜ್ಜಿಗೆ ನನ್ ದನಿ ಹೇಗಿದೆ ಅಂತ ನೀವು ಹೇಳಿ ಆಯ್ತಲ್ಲ. ನೀವು ಹೇಳಿದ್ದು ಯಶಶ್ರೀ ದನಿ. ಅದು ಚೆನ್ನಾಗೇ ಇದೆ. ಮನೇಲಿ ಬಂದೋರ್ಗೆಲ್ಲ ಹೇಳ್ತಿದಾರೆ, ನಮ್ ಕೂಸಿನ ದನಿ ತುಂಬಾ ಚೆನ್ನಾಗೈತಂತೆ ಅಂತ. ಅದೇ ಇರ್ಲಿ ಬಿಡಿ ಮಿಸ್.’

ಅವಳ ಮಾತಿನಲ್ಲಿ ಕೊಂಕಿರಲಿಲ್ಲ. 

ಆ ದಿನ ಸಂಜೆಯೇ ವಾಣಿ ಶ್ರೀರಾಂಪುರಕ್ಕೆ ಹೋದಳು. ಮಲ್ಲೇಶ್ವರದಿಂದ ರೈಲು ಹಳಿಯ ಆಚೆ ಹೋದರೆ ಶ್ರೀರಾಂಪುರ, ದೂರವೇನಿಲ್ಲ. ಆದರೆ ನಮ್ಮ ಕಡೆಯವರು ಅಲ್ಲಿಗೆ ಹೋಗುವುದು ಎಲೆಕ್ಷನ್ ಡ್ಯೂಟಿ ಬಿದ್ದಾಗ ಮಾತ್ರ. ಒಂದು ಕೋಣೆ, ಒಂದು ಅಡುಗೆ ಮನೆ, ಬಾಗಿಲಲ್ಲಿ ತುಳಸಿ ಡಬ್ಬ. ವಾಣಿಯನ್ನು ಕಂಡು ಮುನಿಲಕ್ಷ್ಮಮ್ಮನಿಗೆ ಕೈಕಾಲೇ ಆಡಲಿಲ್ಲ. ಇದ್ದ ಒಂದು ಕುರ್ಚಿಯನ್ನು ಸೆರಗಿನಿಂದ ಒರೆಸಿ ಕೂರಿಸಿದರು. ಬೇಡ ಬೇಡ ಅಂದರೂ ಕಾಫಿ ಬಂತು, ಚಕ್ಕುಲಿ ಬಂತು. ಸೌಂದರ್ಯಾ ಅಡುಗೆ ಮನೆಯ ಬಾಗಿಲಿಗೆ ಒರಗಿ ನಿಂತಳು. ಮಿಸ್ ಯಾಕೆ ಬಂದಿದ್ದಾರೆ ಎಂದು ಅವಳಿಗೆ ಗೊತ್ತಾಗಿತ್ತು, ಬೇಡ ಎಂದು ತಲೆ ಅಲ್ಲಾಡಿಸಿದಳು.

ವಾಣಿ ಲೋಟ ಕೆಳಗಿಟ್ಟು ಕುರ್ಚಿಯಿಂದ ಎದ್ದು, ಅಜ್ಜಿಯ ಎದುರು ಚಾಪೆಯ ಮೇಲೆ ಕೂತಳು. ಮುಖಕ್ಕೆ ಮುಖ ಕೊಟ್ಟು, ಒಂದೊಂದೇ ಪದ ಬಿಡಿಸಿ ಹೇಳಿದಳು.

‘ಅವತ್ತು ಸೌಂದರ್ಯಾ ಹಾಡ್ಲಿಲ್ಲಮ್ಮಾ. ಬರೀ ಬಾಯಾಡಿಸಿದ್ಲು. ಹಾಡಿದ್ದು ಹಿಂದಿನ ಹುಡುಗಿ. ಅವಳದೇನೂ ತಪ್ಪಿಲ್ಲ, ದನಿ ಬೇಡ ಅಂದವಳು ನಾನು. ಮೊದಲನೇ ದಿನದಿಂದ ಇವತ್ತಿನವರೆಗೂ ನಾನು ಅವಳನ್ನ ಹಾಡೋಕೇ ಬಿಟ್ಟಿಲ್ಲ. ಅವಳ ದನಿ ಹೇಗಿದೆ ಅಂತ ನೀವು ಕೇಳಿದಾಗ ನಾನು ಸುಳ್ಳು ಹೇಳ್ದೆ.’

ಬೈಯುತ್ತಾರೆ ಎಂದು ಸಿದ್ಧವಾಗಿ ಹೋಗಿದ್ದಳಂತೆ. ಬೈದರೆ ಸಾಕು, ಬೈಸಿಕೊಂಡು ಬಂದುಬಿಡುತ್ತೇನೆ ಎಂದುಕೊಂಡಿದ್ದಳಂತೆ. ಮುನಿಲಕ್ಷ್ಮಮ್ಮ ಬಹಳ ಹೊತ್ತು ಅವಳ ತುಟಿಯನ್ನೇ ನೋಡುತ್ತ ಕೂತರು, ಇನ್ನೂ ಏನೋ ಹೇಳಲಿದ್ದಾಳೆ ಎನ್ನುವ ಹಾಗೆ. ಆಮೇಲೆ ಕೈ ಚಾಚಿ ವಾಣಿಯ ಕೆನ್ನೆ ಸವರಿದರು.

‘ಅಯ್ಯೋ ಪಾಪ’ ಅಂದರು. ‘ಹಂಗಾರೆ ನೀವೂ ಕೇಳಿಲ್ವಾ.’

ಇದನ್ನು ಹೇಳುವಾಗ ವಾಣಿ ನನ್ನ ಕೋಣೆಯಲ್ಲಿ ಕೂತು ಅತ್ತಳು. ನಾನು ಕಿಟಕಿಯಾಚೆ ನೋಡುತ್ತ ಕೂತೆ.

ಅಜ್ಜಿ ಆಮೇಲೆ ಮೊಮ್ಮಗಳ ಕಡೆ ತಿರುಗಿ, ಸದ್ದಿಲ್ಲದೆ ತುಟಿ ಆಡಿಸಿ ಏನೋ ಕೇಳಿದರಂತೆ. ಸೌಂದರ್ಯಾಳೂ ಸದ್ದಿಲ್ಲದೆ ಏನೋ ಹೇಳಿದಳಂತೆ. ಮತ್ತೆ ಅವರು, ಮತ್ತೆ ಇವಳು. ಬೇಗ ಬೇಗ, ಮನೆಯವರು ಮನೆಯವರ ಜೊತೆ ಮಾತಾಡಿಕೊಳ್ಳುವ ಹಾಗೆ. ಹುಡುಗಿಯ ಕಣ್ಣು ತುಂಬಿ ಬಂತಂತೆ. ಒಂದು ಪದವಾದರೂ ತಿಳಿಯುತ್ತದೇನೋ ಎಂದು ವಾಣಿ ಅವರಿಬ್ಬರ ತುಟಿಗಳನ್ನೂ ನೋಡಿದಳು, ತಿಳಿಯಲಿಲ್ಲ. ಕಾಫಿ ಆರುತ್ತಿತ್ತು. ತನಗೂ ಯಾರಾದರೂ ಹೇಳಲಿ ಎಂದು ಅವಳು ಚಾಪೆಯ ಮೇಲೆ ಕಾಯುತ್ತ ಕೂತಿದ್ದಳಂತೆ.